ಅಜೇಲಿಯಾ ಕೇಳಿದ್ದು ಚಳಿಯನ್ನಲ್ಲ, ಮಳೆನೀರನ್ನು

“ಊಟಿಯ ಗಿಡ ಬೆಂಗಳೂರಿಗೆ ಒಗ್ಗುವುದಿಲ್ಲ ಸಾರ್, ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ” ಎಂದು ಈ ಅಜೇಲಿಯಾ ಹೂಪೊದೆಗಳನ್ನು ಮಾರಿದ ನರ್ಸರಿಯವರೇ ಹೇಳಿದ್ದರು. ಈ ಫೆಬ್ರವರಿಯಲ್ಲಿ ನಮ್ಮ ಪೂರ್ವದ ಗೋಡೆಯ ಬದಿಯ ಐದು ಅಜೇಲಿಯಾಗಳು ಎಲೆ ಕಾಣದಷ್ಟು ಹೂ ಬಿಟ್ಟವು. ಅವರನ್ನು ಕರೆಸಿ ತೋರಿಸಿದೆ.

ಮೊದಲ ಸಲ ತಂದದ್ದು ಆರು ಗಿಡ, ತಲಾ 350 ರೂಪಾಯಿ ಇದ್ದಿರಬೇಕು. ಗುಲಾಬಿಗೆ ಹಾಕುವ ಮಣ್ಣನ್ನೇ ಹಾಕಿದೆ. ಮೂರು ತಿಂಗಳಲ್ಲಿ ಎಲೆ ಹಳದಿಯಾಯಿತು, ನರ ಮಾತ್ರ ಹಸಿರು. ಕಬ್ಬಿಣದ ಕೊರತೆಯೆಂದು ಫೆರಸ್ ಸಲ್ಫೇಟ್ ಕೊಟ್ಟೆ. ಎರಡು ವಾರ ಚೇತರಿಸಿಕೊಂಡು ಮತ್ತೆ ಬಿಳಿಚಿದವು. ಸೆಕೆಯಿರಬೇಕೆಂದು 1,800 ರೂಪಾಯಿಯ ನೆರಳುಬಲೆ ಕಟ್ಟಿದೆ, ಅದೂ ದಂಡ. ಮರುವರ್ಷದ ಗಿಡಗಳೂ ಸೇರಿ ಸುಮಾರು ಏಳು ಸಾವಿರ ಮಣ್ಣುಪಾಲಾಯಿತು.

ಕುಂಡದ ಅಂಚಿನ ಬಿಳಿ ಹಕ್ಕಳೆ ಕಂಡಾಗಲೇ ಹೊಳೆದದ್ದು. ಗೀಸರಿನೊಳಗೆ ಕಟ್ಟುವುದೂ ಅದೇ. ನಮ್ಮ ಬೋರ್‌ವೆಲ್ ನೀರಿನ ಜೊತೆ ದಿನವೂ ಸುಣ್ಣದಂಶ ಹೋಗುತ್ತಿತ್ತು. ಅಜೇಲಿಯಾಕ್ಕೆ ಬೇಕಾದ ಮಣ್ಣಿನ ಹುಳಿ ಸುಣ್ಣದಿಂದ ಸತ್ತು, ಕಬ್ಬಿಣವಿದ್ದರೂ ಬೇರಿಗೆ ದಕ್ಕುತ್ತಿರಲಿಲ್ಲ. ಸಾಲದ್ದಕ್ಕೆ ಸಿಮೆಂಟ್ ಕುಂಡ, ಮೇಲೆ ಅಮ್ಮ ಅಕ್ಕರೆಯಿಂದ ಹಾಕಿದ ಒಲೆಯ ಬೂದಿ, ಎರಡೂ ಹುಳಿ ಕೊಲ್ಲುವಂಥವೇ.

ಸುಣ್ಣವಿಲ್ಲದ ಮಳೆನೀರು ಹಿಡಿಯಲು ತಾರಸಿಯ ಪೈಪಿಗೆ 200 ಲೀಟರಿನ ಎರಡು ಹಳೆಯ ಡ್ರಮ್ ಜೋಡಿಸಿದೆ, ಒಂದಕ್ಕೆ 900 ಕೊಟ್ಟ ನೆನಪು. ಬೇಸಿಗೆಗೆ ಅದು ಸಾಲದೆ ಸಾವಿರ ಲೀಟರಿನ ಟ್ಯಾಂಕನ್ನೂ ಇಟ್ಟೆ. ಅಕ್ಟೋಬರ್ ಮಳೆಯಲ್ಲಿ ತುಂಬಿಕೊಂಡರೆ ಏಪ್ರಿಲ್ ದಾಟುತ್ತದೆ, ಕೈ ಬಿಗಿ ಹಿಡಿದು ಹಾಕಬೇಕು. ಕುಂಡ ಈಗ ಪ್ಲಾಸ್ಟಿಕ್. ಅರ್ಧದಷ್ಟು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಉಪ್ಪು ಹೋಗುವಂತೆ ಮೂರು ನೀರಿನಲ್ಲಿ ತೊಳೆದದ್ದು. ಉಳಿದದ್ದು ಮೂಡಿಗೆರೆಯ ನೆಂಟರ ಕಾಫಿ ತೋಟದಿಂದ ತಂದ ಸಿಲ್ವರ್ ಓಕ್ ತರಗಿನ ಗೊಬ್ಬರ, ಚೂರು ಕೆಂಪು ಮಣ್ಣು, ದಪ್ಪ ಮರಳು. ಇನ್ನೊಂದು ವಸ್ತುವನ್ನು ಎರಡು ಹಿಡಿ ಬೆರೆಸುತ್ತೇನೆ. ಇನ್ನೊಂದು ಹೂಗಾಲ ನೋಡದೆ ಅದನ್ನು ಹೇಳಲಾರೆ. ಹುಳಿ ಅಳೆಯುವ ಪಿಎಚ್ ಕಾಗದ 5.5ರ ಆಸುಪಾಸು ತೋರಿಸುತ್ತದೆ, ಅಂದರೆ ಮಣ್ಣು ಹುಳಿಯಾಗಿದೆ. ಬುಡ ಕೆದಕುವುದನ್ನಂತೂ ಬಿಟ್ಟೇಬಿಟ್ಟೆ, ಕೂದಲಿನಂತಹ ಬೇರುಗಳೆಲ್ಲ ಮೇಲ್ಮಣ್ಣಿನಲ್ಲೇ ಇರುತ್ತವೆ.

ಒಂದು ವರ್ಷ ಸೆಪ್ಟೆಂಬರಿನಲ್ಲಿ ಕತ್ತರಿ ಆಡಿಸಿ ಇಡೀ ಹೂವನ್ನು ಕಳೆದುಕೊಂಡೆ, ಮೊಗ್ಗು ಆಗಲೇ ಕೂತಿತ್ತು. ಈಗ ಹೂ ಉದುರಿದ ಎರಡು ಮೂರು ವಾರದೊಳಗೆ ಸವರಿ ಮುಗಿಸುತ್ತೇನೆ.

ಇದೇ ಮಿಶ್ರಣವನ್ನೂ ಮಳೆನೀರನ್ನೂ ಪಕ್ಕದ ಹೈಡ್ರೇಂಜಿಯಾಕ್ಕೆ ಕೊಟ್ಟು ನೋಡಿದೆ. ವರ್ಷಗಟ್ಟಲೆ ಗುಲಾಬಿ ಬಣ್ಣದಲ್ಲಿದ್ದ ಹೂಗೊಂಚಲು ನೀಲಿಗೆ ತಿರುಗಿತು, ಹುಳಿ ಮಣ್ಣಿನ ಗುರುತು ಅದು! ಮಳೆನೀರು ಮುಗಿದಾಗ ಹುಣಸೆನೀರನ್ನೂ ಪರೀಕ್ಷಿಸಿದೆ. ಇರುವೆ ಮುತ್ತಿ ಬೂಷ್ಟು ಬಂತು, ಕೈಬಿಟ್ಟೆ.

ಕಳೆದ ಜುಲೈಯಲ್ಲಿ ಕೆಳಗಿನ ಮೂರು ರೆಂಬೆಗಳನ್ನು ಗೀರಿ, ಬಾಗಿಸಿ, ಮಣ್ಣಿನಲ್ಲಿ ಹೂತು ಕಲ್ಲು ಹೇರಿದ್ದೆ. ಎರಡು ಬೇರು ಬಿಟ್ಟಿವೆ. ಒಂದನ್ನು ಆ ನರ್ಸರಿಯವರಿಗೇ ಕೊಡಲಿದ್ದೇನೆ, ಅವರೇ ಕೇಳಿದ್ದಾರೆ.