ಕಾಣೆ ಮೀನು ಹಿಡಿಯಲು ಘಟ್ಟ ಇಳಿಯುವವರಿಗೆ

ಹೇಮಾವತಿಯಲ್ಲಿ ಗಾಳ ಹಾಕಿ ಅಭ್ಯಾಸ ಇರುವ ನಮ್ಮ ಮೂಡಿಗೆರೆ, ಸಕಲೇಶಪುರ ಕಡೆಯವರು ಕಡಲ ಕಡೆ ಹೋಗುವಾಗ ಅದೇ ನೀರಲ್ಲಿ ತೇಲುವ ಬೆಂಡು, ಅದೇ ದೊಡ್ಡ ಗಾಳ, ಅದೇ ಎರೆಹುಳ ತಗೊಂಡು ಹೋಗುತ್ತೇವೆ. ನಾನೂ ಇಡೀ ದಿನ ಹಾಗೇ ಕೂತು ಬರಿಗೈಲಿ ಚಾರ್ಮಾಡಿ ಘಾಟಿ ಹತ್ತಿದ್ದೇನೆ. ಬೆಂಡು ಮನೆಯಲ್ಲೇ ಬಿಡಿ. ಕಾಣೆ ಮರಳಿನ ತಳದಲ್ಲಿ ಹುಳ, ಸಣ್ಣ ಸಿಗಡಿ ಹೆಕ್ಕಿ ತಿನ್ನುವ ಮೀನು, ಹೆದರಿದರೆ ಮರಳೊಳಗೇ ಹೂತುಕೊಳ್ಳುತ್ತದೆ. ಮೇವು ನೆಲ ಮುಟ್ಟಲೇಬೇಕು.

ಅಳಿವೆ, ಅಂದರೆ ನದಿ ಕಡಲು ಸೇರುವ ಕಡೆ, ಒಳ್ಳೆಯ ಜಾಗ. ಉಳ್ಳಾಲದ ಹತ್ತಿರ ನೇತ್ರಾವತಿ ಅಳಿವೆ ಇದೆ, ಸಸಿಹಿತ್ಲುವಿನಲ್ಲಿ ಶಾಂಭವಿ, ನಂದಿನಿ ಕಡಲು ಸೇರುತ್ತವೆ. ಬಂಡೆ ಇರುವ ಕಡೆ ಬೇಡ, ಗಾಳ ಸಿಕ್ಕಿಹಾಕಿಕೊಳ್ಳುತ್ತದೆ. ಉಬ್ಬರ ಏರುವ ಹೊತ್ತಿಗೆ ಅಲ್ಲಿರಿ. ಉಬ್ಬರ ದಿನಕ್ಕೆ ಎರಡು ಸಲ ಬರುತ್ತದೆ, ಪ್ರತಿ ದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಆದ್ದರಿಂದ ಘಟ್ಟ ಇಳಿಯುವ ಮೊದಲೇ ಮೊಬೈಲಿನಲ್ಲಿ ಸಮಯ ನೋಡಿಕೊಳ್ಳಿ. ಮಳೆಗಾಲದಲ್ಲಿ ಮಾತ್ರ ದಯವಿಟ್ಟು ಹೋಗಬೇಡಿ.

ಕಾಣೆಯ ಬಾಯಿ ತುಂಬಾ ಸಣ್ಣದು. 8 ಅಥವಾ 10ನೇ ನಂಬರಿನ ಗಾಳ ಸಾಕು (ನಂಬರ್ ಜಾಸ್ತಿ ಆದಷ್ಟು ಗಾಳ ಸಣ್ಣದು). ತಂಗೂಸಿ (ಗಾಳ ಕಟ್ಟುವ ನೈಲಾನ್ ದಾರ) ತೆಳ್ಳಗಿರಲಿ, ಗಾಳದಿಂದ ಒಂದೂವರೆ ಅಡಿ ಮೇಲೆ ಹಗುರವಾದ ಸೀಸದ ಗುಂಡು ಕಟ್ಟಿ. ಮೇವಿಗೆ ತಾಜಾ ಸಿಗಡಿ ಸುಲಿದು ಉಗುರಿನಷ್ಟು ತುಂಡು ಮಾಡಿ, ಗಾಳದ ತುದಿ ಮಾತ್ರ ಕಾಣುವ ಹಾಗೆ ಚುಚ್ಚಿ. ಇಳಿತದಲ್ಲಿ ಮರಳು ಕೆದಕಿದರೆ ಸಿಗುವ ಹುಳ ಇನ್ನೂ ಒಳ್ಳೆಯದು. ಎರೆಹುಳ ಉಪ್ಪುನೀರಲ್ಲಿ ಬೇಗ ಸಾಯುತ್ತದೆ.

ಎಸೆದು ಸುಮ್ನೆ ಕೂರಬೇಡಿ, ಮುಖ್ಯ ಕೆಲಸ ಶುರುವಾಗುವುದೇ ಆಮೇಲೆ. ಗುಂಡು ತಳ ಮುಟ್ಟಿದ ಮೇಲೆ ಒಂದಡಿ ನಿಧಾನಕ್ಕೆ ಎಳೆಯಿರಿ, ನಿಲ್ಲಿಸಿ, ಮತ್ತೆ ಎಳೆಯಿರಿ. ಗುಂಡು ಎಬ್ಬಿಸಿದ ಮರಳಿನ ಧೂಳು ನೋಡಿ ಕಾಣೆ ಹತ್ತಿರ ಬರುತ್ತದೆ. ಟಕ್ ಟಕ್ ಅಂತ ಬೆರಳಿಗೆ ಗೊತ್ತಾದರೆ ಜಗ್ಗಬೇಡಿ, ತಂಗೂಸಿ ಬಿಗಿ ಇಟ್ಟು ಒಂದೇ ಸಮ ಸುತ್ತಿ. ನೀರಿಗಿಳಿದು ದಡಬಡ ಓಡಾಡಿದರೆ ಎಲ್ಲಾ ಚದುರಿ ಹೋಗುತ್ತವೆ.

ಒಮ್ಮೊಮ್ಮೆ ಮೀಸೆ ಇರುವ ಕ್ಯಾಟ್‌ಫಿಶ್ ಕಚ್ಚುತ್ತದೆ. ಅದರ ಮುಳ್ಳು ಚುಚ್ಚಿದರೆ ವಿಪರೀತ ಉರಿ, ಬರಿಗೈಲಿ ಮುಟ್ಟಬೇಡಿ, ಇಕ್ಕಳದಲ್ಲಿ ಬಿಡಿಸಿ. ಬೆರಳುದ್ದದ ಕಾಣೆ ಮರಿಗಳನ್ನು ಕೈ ಒದ್ದೆ ಮಾಡಿಕೊಂಡು ನೀರಿಗೆ ಬಿಟ್ಟುಬಿಡಿ.

ಕಾಣೆ ಬಹಳ ಮೆದು. ಹಿಡಿದ ತಕ್ಷಣ ಐಸಿಗೆ ಹಾಕದಿದ್ದರೆ ಘಟ್ಟದ ಮೇಲಿನ ಕೊಟ್ಟಿಗೆಹಾರ ತಲುಪುವ ಹೊತ್ತಿಗೆ ಹೊಟ್ಟೆ ಒಡೆದಿರುತ್ತದೆ.