ನಾಟಿ ಹುಂಜದ ಕುತ್ತಿಗೆ ಗರಿ ಬಿಸಾಡಬೇಡಿ
ಮೀನು ಹಿಡಿಯಲು ಫ್ಲೈ (ಕೊಕ್ಕೆಗೆ ಗರಿ, ದಾರ ಸುತ್ತಿ ಮಾಡುವ ಹುಳುವಿನಂಥ ಆಮಿಷ) ಕಟ್ಟುವವರು ಗಮನಿಸಿ: ಮನೆಯಲ್ಲಿ ನಾಟಿಕೋಳಿ ಸಾರು ಮಾಡುವ ದಿನ, ಹುಂಜವನ್ನು ಬಿಸಿನೀರಿಗೆ ಅದ್ದುವ ಮೊದಲೇ ಕುತ್ತಿಗೆ ಗರಿ ಕಿತ್ತಿಟ್ಟುಕೊಳ್ಳಿ. ಬಲಿತ ಹುಂಜದ ಗರಿಯ ಎಳೆಗಳು ಬಿರುಸು, ನೀರನ್ನೂ ಜಾಸ್ತಿ ಹೀರುವುದಿಲ್ಲ. ಕೊಕ್ಕೆಗೆ ಸುತ್ತಿದರೆ ಸುತ್ತಲೂ ನೆಟ್ಟಗೆ ನಿಂತು ಫ್ಲೈಯನ್ನು ನೀರಿನ ಮೇಲೆ ತೇಲಿಸುತ್ತವೆ. ಸೋಪುನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಡಬ್ಬಿಗೆ ಹಾಕಿ. ಇಲ್ಲದಿದ್ದರೆ ಹುಳ ಬೀಳುತ್ತದೆ. ಒಣಗಿದ ಗರಿಯನ್ನು ಬಗ್ಗಿಸಿ ತುಟಿಗೆ ತಾಗಿಸಿ ನೋಡಿ, ಎಳೆ ಚುಚ್ಚಿದರೆ ಒಳ್ಳೆಯದು. ಬುಡದ ಹತ್ತಿಯಂಥ ಭಾಗ ಕಿತ್ತುಹಾಕಿ, ಅದು ನೀರು ಕುಡಿಯುತ್ತದೆ. ನಾಟಿ ಗರಿ ಗಿಡ್ಡ ಅಲ್ವಾ, ಒಂದು ಫ್ಲೈಗೆ ಎರಡು ಬೇಕಾಗಬಹುದು. ಹೇಂಟೆ ಗರಿ ಮೆತ್ತಗೆ, ಮುಳುಗುವ ಫ್ಲೈಗಷ್ಟೇ ಸರಿ. ರಭಸದ ನೀರಲ್ಲಿ ತೇಲಬೇಕಾದರೆ ಹುಂಜದ ಗರಿಯನ್ನು ಒತ್ತಾಗಿ ಸುತ್ತಿ.