ಆಳದ ಹುಳುಕು, ಬಾಂಡಿಂಗ್, ಜೀವಂತ ಹಲ್ಲು: ನನ್ನ ಅನುಭವ

ಹಲ್ಲಿನ ಹೊರಕವಚವಾದ ಎನಾಮಲ್ ಮೇಲೆ ಬಾಂಡಿಂಗ್ (ಫಿಲ್ಲಿಂಗನ್ನು ಹಲ್ಲಿಗೆ ಅಂಟಿಸುವ ರೆಸಿನ್ ದ್ರವ) ಹಚ್ಚುವಾಗ ನನಗೆ ಅಳುಕಿಲ್ಲ. ಅಲ್ಲಿ ಜೀವಕೋಶಗಳೇ ಇಲ್ಲ. 1955ರಲ್ಲಿ ಬ್ಯೂನೊಕೋರ್ ಎಂಬ ದಂತ ಸಂಶೋಧಕ ಆಸಿಡ್ ಹಚ್ಚಿ ರೆಸಿನ್ ಅಂಟಿಸಿ ತೋರಿಸಿದ್ದೂ ಎನಾಮಲ್ ಮೇಲೆಯೇ. ಅದರ ಒಳಪದರವಾದ ಡೆಂಟಿನ್ ಹಾಗಲ್ಲ. ಅದರ ತುಂಬ ಸೂಕ್ಷ್ಮ ನಾಳಗಳು, ಅವುಗಳೊಳಗೆ ದ್ರವ, ಆಚೆ ತುದಿಯಲ್ಲಿ ಪಲ್ಪ್, ಅಂದರೆ ನರ, ರಕ್ತನಾಳಗಳಿರುವ ಜೀವಂತ ತಿರುಳು. ಪಲ್ಪ್ ಹತ್ತಿರವಾದಂತೆ ಈ ನಾಳಗಳು ಅಗಲವಾಗುತ್ತವೆ, ಚದರ ಮಿಲಿಮೀಟರಿಗೆ ಸುಮಾರು 45,000ದಷ್ಟು ಒತ್ತೊತ್ತಾಗಿರುತ್ತವೆ. ಬಾಂಡಿಂಗ್‌ನಲ್ಲಿರುವ ಹೆಮಾ (HEMA) ಎಂಬ ರಾಸಾಯನಿಕದ್ದು ಪುಟ್ಟ ಅಣು, ನೀರಿನಲ್ಲಿ ಸಲೀಸಾಗಿ ಬೆರೆಯುತ್ತದೆ. ಗಟ್ಟಿಗೊಳಿಸುವ ಲೈಟ್ ಹಿಡಿದರೂ ಎಲ್ಲವೂ ಗಟ್ಟಿಯಾಗುವುದಿಲ್ಲ. ಉಳಿದದ್ದು ನಾಳಗಳಲ್ಲಿ ಇಳಿದು ಪಲ್ಪ್‌ನ ಕೋಶಗಳಿಗೆ ತೊಂದರೆ ಕೊಡಬಲ್ಲದು.

ಹಾಗಾಗಿ ಯಾವ ಕಂಪನಿಯ ಬಾಟಲಿ ಎನ್ನುವುದಕ್ಕಿಂತ ಎಷ್ಟು ಡೆಂಟಿನ್ ಉಳಿದಿದೆ ಎಂದು ನೋಡುವುದು ನನಗೆ ಮುಖ್ಯ. ಅರ್ಧ ಮಿಲಿಮೀಟರಿಗಿಂತ ದಪ್ಪ ಉಳಿದಿದ್ದರೆ ಡೆಂಟಿನ್ನೇ ಸಾಕಷ್ಟು ತಡೆಯುತ್ತದೆ.

ಬಸವನಗುಡಿಯ ನನ್ನ ಕ್ಲಿನಿಕ್‌ಗೆ ಪಿಯುಸಿ ಓದುವ ಹುಡುಗಿಯೊಬ್ಬಳು ಬಂದಿದ್ದಳು. ಕೆಳದವಡೆಯ ಹಲ್ಲಿನಲ್ಲಿ ಆಳದ ಹುಳುಕು. "ರಾತ್ರಿ ನೋವು ಬರುತ್ತಾ?" ಎಂದೆ. "ಇಲ್ಲ ಮೇಡಂ, ಐಸ್‌ಕ್ರೀಮ್ ತಿಂದ್ರೆ ಜುಮ್ ಅನ್ನುತ್ತೆ, ಆಮೇಲೆ ಸರಿಹೋಗುತ್ತೆ." ಅವಳಮ್ಮನಿಗೆ ಅವಸರ: "ರೂಟ್ ಕೆನಾಲ್ ಮಾಡಿಬಿಡಿ ಮೇಡಂ, ಪದೇ ಪದೇ ಬರೋಕಾಗಲ್ಲ." ತಂಪಿಗೆ ಸ್ಪಂದಿಸಿ ಕೂಡಲೇ ಸುಮ್ಮನಾಗುವ ಪಲ್ಪನ್ನು ಆ ವಯಸ್ಸಿನಲ್ಲಿ ತೆಗೆಯಲು ನನಗೆ ಮನಸ್ಸೇ ಬರುವುದಿಲ್ಲ. ಅಮ್ಮನನ್ನು ಒಪ್ಪಿಸಿದೆ.

ರಬ್ಬರ್ ಡ್ಯಾಮ್ (ಎಂಜಲು ತಾಗದಂತೆ ಹಲ್ಲಿನ ಸುತ್ತ ಹಾಕುವ ರಬ್ಬರ್ ಹಾಳೆ) ಕಟ್ಟಿ ಸುತ್ತಲಿನ ಅಂಚನ್ನು ಗಟ್ಟಿ ಡೆಂಟಿನ್ ಸಿಗುವವರೆಗೆ ಕೆರೆದೆ. ತಳದಲ್ಲಿ, ನಸುಗೆಂಪು ನೆರಳು ಕಾಣುವ ಕಡೆ, ತೊಗಲಿನಂತೆ ಮೆತ್ತಗಿದ್ದ ಪದರವನ್ನು ಹಾಗೇ ಬಿಟ್ಟೆ. ಪಲ್ಪ್ ತೆರೆದುಕೊಳ್ಳುವುದಕ್ಕಿಂತ ಅದೇ ಮೇಲು. ಆ ಜಾಗಕ್ಕೆ ಬಾಂಡಿಂಗ್ ನೇರವಾಗಿ ತಾಗಿಸಲಿಲ್ಲ. ಬಯೋಡೆಂಟಿನ್ ಎಂಬ ಸಿಮೆಂಟ್ ಇಟ್ಟು, ಅದು ಗಟ್ಟಿಯಾಗಲು ಸುಮಾರು 12 ನಿಮಿಷ ಕಾದೆ. ಪಲ್ಪ್ ತೆರೆದ ಹಲ್ಲಿಗೂ ನೇರ ಬಾಂಡಿಂಗ್ ಹಾಕುವ ಪದ್ಧತಿ ಒಂದು ಕಾಲದಲ್ಲಿತ್ತು. ಮನುಷ್ಯರ ಹಲ್ಲುಗಳನ್ನು ಪರೀಕ್ಷಿಸಿದಾಗ ಅಲ್ಲಿ ಉರಿಯೂತ ಉಳಿದು, ತೆರೆದ ಜಾಗವನ್ನು ಮುಚ್ಚುವ ಹೊಸ ಡೆಂಟಿನ್ ಸೇತುವೆ ಸರಿಯಾಗಿ ಕಟ್ಟದೆ ಹೋದದ್ದು ಕಂಡಿದೆ.

ಆಮೇಲೆ 37 ಪರ್ಸೆಂಟ್ ಫಾಸ್ಫಾರಿಕ್ ಆಸಿಡ್ ಎನಾಮಲ್ ಅಂಚಿಗಷ್ಟೇ. ತೊಳೆದು, ಡೆಂಟಿನ್ ಪೂರ್ತಿ ಒಣಗದಂತೆ ನೋಡಿಕೊಂಡು, ಬಾಂಡಿಂಗನ್ನು ಬ್ರಷ್‌ನಿಂದ 20 ಸೆಕೆಂಡ್ ಉಜ್ಜಿದೆ. ಮೆಲ್ಲಗೆ ಗಾಳಿ ಬಿಟ್ಟು, ಮೇಲ್ಮೈ ಅಲುಗುವುದು ನಿಂತ ಮೇಲೆ ಲೈಟ್. ಬಾಂಡಿಂಗ್‌ನಲ್ಲಿನ ದ್ರಾವಕ ಆವಿಯಾಗಿ ಹಾರದಿದ್ದರೆ, ಲೈಟ್ ದೂರ ಹಿಡಿದರೆ ಗಟ್ಟಿಯಾಗದೆ ಉಳಿಯುವ ರೆಸಿನ್ ಹೆಚ್ಚುತ್ತದೆ. ಲೈಟಿನ ಶಕ್ತಿಯನ್ನು ಮೀಟರಿನಲ್ಲಿ ಆಗಾಗ ನೋಡುತ್ತೇನೆ. (ಹೆಮಾ ಗ್ಲೌಸ್‌ನ್ನೂ ದಾಟುತ್ತದೆ, ಹನಿ ಬಿದ್ದರೆ ನಮ್ಮ ಅಸಿಸ್ಟೆಂಟ್ ಹುಡುಗಿ ತಕ್ಷಣ ಬದಲಿಸಬೇಕು.)

"ತಾನಾಗೇ ರಾತ್ರಿ ನೋವು ಶುರುವಾದ್ರೆ ಕಾಯಬೇಡಿ, ಬಂದುಬಿಡಿ" ಎಂದು ಕಳಿಸಿದೆ. ಆರು ತಿಂಗಳ ಎಕ್ಸ್‌ರೇಯಲ್ಲಿ ಬೇರಿನ ತುದಿ ಶುಚಿಯಾಗಿತ್ತು, ಹಲ್ಲು ತಂಪಿಗೆ ಸ್ಪಂದಿಸಿತು. ಇನ್ನೊಂದು ವರ್ಷಕ್ಕೆ ಮತ್ತೆ ಬರಹೇಳಿದ್ದೇನೆ.